ಲಾರಿಯ ಅಡಿಯಲ್ಲೊಂದು ಬಿಳಿ ಬೊಟ್ಟು

ನಾಲ್ಕು ತಿಂಗಳು ಕೂತು ಮಾಡಿದ, ಶಕ್ತಿಮಾನ್ ಅನ್ನುವ ಸೇನೆಯ ಲಾರಿಯ ಪುಟ್ಟ ಮಾದರಿ ಹೋದ ಭಾನುವಾರ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಅದನ್ನು ಹೇಳೋಣ ಅಂತಲೇ ಈ ಬರಹ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಸೇನೆಯ ಗಾಡಿಗಳು, ಟ್ಯಾಂಕು, ಸೈನಿಕರು, ಇವನ್ನೆಲ್ಲ ಅಳತೆಗೆ ಸರಿಯಾಗಿ ಪುಟ್ಟದಾಗಿ ಮಾಡಿ ಬಣ್ಣ ಹಚ್ಚುವುದು ನನ್ನ ಹವ್ಯಾಸ. ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಹದಿನಾಲ್ಕು ವರ್ಷದಿಂದ ಇದು ನಡೆದಿದೆ. ನಾನು ಹಿಡಿದಿರುವುದು ಒಂದಕ್ಕೆ ಮೂವತ್ತೈದರ ಅಳತೆ. ನಿಜವಾದ ಗಾಡಿಯ 35 ಸೆಂಟಿಮೀಟರ್ ನನ್ನ ಮೇಜಿನ ಮೇಲೆ 1 ಸೆಂಟಿಮೀಟರ್. ಐದೂಮುಕ್ಕಾಲು ಅಡಿಯ ಆಳು 5 ಸೆಂಟಿಮೀಟರ್ ಆಗುತ್ತಾನೆ. ಶ್ರವಣಬೆಳಗೊಳದ ಬಾಹುಬಲಿಯನ್ನೇ ಈ ಅಳತೆಗೆ ಇಳಿಸಿದರೆ ಅರ್ಧ ಮೀಟರ್ ಎತ್ತರ ಬರುತ್ತಾನೆ.

1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಓಡುವ ಪುಟ್ಟ ಮಾದರಿಯೊಂದನ್ನು ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಕೂರಬೇಕಲ್ಲ, ಅದಕ್ಕೆ ಎಷ್ಟು ಜಾಗ ಬೇಕೋ ನೋಡಿ ಈ ಅಳತೆ ಗೊತ್ತು ಮಾಡಿದರು. ಮುಂದೆ ಬೇರೆ ಎಷ್ಟೋ ಕಂಪನಿಗಳೂ ಅದನ್ನೇ ಹಿಡಿದವು.

ಆ ಪ್ಯಾಂಥರ್ ಎರಡನೇ ಮಹಾಯುದ್ಧದ ಜರ್ಮನ್ನರ ಟ್ಯಾಂಕು. ಇವತ್ತಿಗೂ ಕಿಟ್, ಅಂದರೆ ಜೋಡಿಸುವ ಬಿಡಿಭಾಗಗಳ ಡಬ್ಬಿ, ಕೊಳ್ಳಲು ಹೋದರೆ ಸಾಲು ಸಾಲು ಜರ್ಮನ್ ಗಾಡಿಗಳೇ. ಟೈಗರ್ ಟ್ಯಾಂಕ್ ತಯಾರಾಗಿದ್ದು 1942ರಿಂದ 1944ರವರೆಗೆ, ಒಟ್ಟು ಸುಮಾರು 1,350. ಅದರ ಕಿಟ್‌ಗಳು ಹತ್ತಾರು ಕಂಪನಿಗಳಲ್ಲಿ ಸಿಗುತ್ತವೆ. ಶಕ್ತಿಮಾನ್ ಲಾರಿ ನಮ್ಮ ಸೇನೆಗೆ ದಶಕಗಟ್ಟಲೆ ಅಕ್ಕಿ, ಬೇಳೆ, ಮದ್ದುಗುಂಡು, ಜನ ಎಲ್ಲ ಹೊತ್ತಿತು. ನಾನು ನೋಡಿದ ಯಾವ ಅಂಗಡಿಯಲ್ಲೂ ಅದರ ಒಂದು ಕಿಟ್ ಕಂಡಿಲ್ಲ. ಹಾಸನದಲ್ಲಿ ಕೂತ ನನಗೆ ಟೈಗರ್‌ನ ಚಕ್ರ ಎಷ್ಟು ಅಂತ ಬಾಯಿಪಾಠ ಇತ್ತು. ನಮ್ಮದೇ ಬೀದಿಯ ಮಾವ ಇಪ್ಪತ್ತು ವರ್ಷ ಹೊಡೆದ ಗಾಡಿಯ ಬಾನೆಟ್ಟು ಹೇಗಿತ್ತು ಅಂತ ಗೊತ್ತಿರಲಿಲ್ಲ. ಇದು ನನಗೆ ನಿಜಕ್ಕೂ ನೋವಾದ ವಿಷಯ. ಕಿಟ್ ಇಲ್ಲದಿದ್ದರೂ ಸರಿ, ನಮ್ಮವರ ಗಾಡಿಗಳನ್ನು ನಾವೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವನ್ನು ಓಡಿಸಿದವರು ನಮ್ಮ ನಡುವೆ ಇರುವಾಗಲೇ ಮಾಡಬೇಕು.

ಮಾವ ಅಂದರೆ ನಮ್ಮ ಬೀದಿಯ ಹವಾಲ್ದಾರ್ ಮಾವ. ಊರು ಆಲೂರಿನ ಕಡೆ. ಬೆಂಗಳೂರಿನ ಎಎಸ್‌ಸಿ (ಸೇನೆಗೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್) ಸೆಂಟರ್‌ನಲ್ಲಿ ತರಬೇತಿ ಮುಗಿಸಿ, ಸಿಕ್ಕಿಂ, ಲಡಾಖ್ ಎಲ್ಲ ಕಡೆ ಶಕ್ತಿಮಾನ್ ಓಡಿಸಿದವರು. ಅದು ಮುಂದೆ ಮೂಗಿರುವ ಲಾರಿ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು ಜಬಲ್‌ಪುರದಲ್ಲಿ ತಯಾರಾಗುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಇತ್ತು.

ನನ್ನ ಹತ್ತಿರ ನಕ್ಷೆ ಇರಲಿಲ್ಲ. ಇದ್ದದ್ದು ಮಾವನ ಟ್ರಂಕಿನಲ್ಲಿದ್ದ ಒಂದು ಕಪ್ಪು ಬಿಳುಪು ಫೋಟೊ. ಲಾರಿಯ ಮುಂದೆ, ಬಂಪರಿಗೆ ಬೆನ್ನು ತಾಗಿಸಿ, ಮಾವ ನೆಟ್ಟಗೆ ನಿಂತಿದ್ದಾರೆ. ಎಷ್ಟೋ ದಿನ ಅದನ್ನೇ ನೋಡಿ, ಒಂದು ಸಂಜೆ ಅವರನ್ನು ನಮ್ಮ ಮನೆಯ ಗೋಡೆಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಐದು ಅಡಿ ಎಂಟು ಇಂಚು. ಫೋಟೊದಲ್ಲಿ ಮಾವನ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು ಬಾನೆಟ್ಟು, ರೇಡಿಯೇಟರ್ ಜಾಲರಿ, ಗಾಜು, ಟೈರು ಎಲ್ಲ ಲೆಕ್ಕ ಹಾಕಿದೆ. ಆ ಲಾರಿಯ ಒಂದೊಂದು ಅಳತೆಯೂ ಮಾವನ ಮೈಯಿಂದ ಬಂದದ್ದು.

ಕ್ಯಾಬಿನ್ನಿಗೆ ಬೆಂಗಳೂರಿನಿಂದ ತರಿಸಿದ ಪ್ಲಾಸ್ಟಿಕ್ ಶೀಟು. ಚಕ್ರ ಬೇರೊಂದು ಕಿಟ್ಟಿನದು. ಸೈಲೆನ್ಸರ್ ಪೈಪಿಗೆ ಖಾಲಿಯಾದ ಪೆನ್ನಿನ ರೀಫಿಲ್. ಹಿಂದಿನ ಟಾರ್ಪಾಲಿಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಹಸಿ ಇರುವಾಗಲೇ ಬಡಿಗೆಗಳ ಮೇಲೆ ಹೊದಿಸಿ, ಸೂಜಿಯಲ್ಲಿ ಮಡಿಕೆ ಎಳೆದೆ. ಒಣಗಿದ ಮೇಲೆ ಥೇಟ್ ಟಾರ್ಪಾಲೇ. ಆಲಿವ್ ಹಸಿರಿಗೆ ಒಂದು ತೊಟ್ಟು ತಿಳಿ ಬಣ್ಣ ಸೇರಿಸಲೇಬೇಕು. ಸಣ್ಣ ವಸ್ತುವಿನ ಮೇಲೆ ನಿಜವಾದ ಬಣ್ಣ ತುಂಬಾ ಕಪ್ಪಾಗಿ ಕಾಣುತ್ತದೆ. ಮಣ್ಣಿಗೂ ಲೆಕ್ಕ ಇದೆ. ನಮ್ಮ ಹಿತ್ತಿಲ ಮಣ್ಣನ್ನು ಹಾಗೇ ಉದುರಿಸಿದರೆ ಒಂದು ಮಿಲಿಮೀಟರ್ ಕಾಳು ಮೂರೂವರೆ ಸೆಂಟಿಮೀಟರಿನ ಜಲ್ಲಿ ಆಗಿಬಿಡುತ್ತದೆ. ಹಳೇ ಪಂಚೆಯಲ್ಲಿ ಎರಡು ಸಲ ಜರಡಿ ಹಿಡಿದು ಹಚ್ಚಬೇಕು.

(ಹೊಸಬರಿಗೆ ಒಂದು ಮಾತು. ಆಷಾಢದ ಜಡಿಮಳೆಯಲ್ಲಿ ಸ್ಪ್ರೇ ವಾರ್ನಿಷ್ ಹೊಡೆಯಬೇಡಿ. ಗಾಳಿಯ ತೇವ ಒಳಗೆ ಸಿಕ್ಕಿಕೊಂಡು ಮೇಲೆಲ್ಲ ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಮಲೆನಾಡಿನ ಸೆರಗಿನಲ್ಲಿ ಇರುವವರು ಬಿಸಿಲು ಬರುವ ದಿನ ಕಾಯಲೇಬೇಕು.)

ಸರಿ, ಭಾನುವಾರ ಮಾವ ಬಂದರು. ಕಾಫಿ ಲೋಟ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಲಾರಿಯನ್ನು ಅಂಗೈ ಮೇಲೆ ತಗೊಂಡರು. ನಂಬರ್ ಪ್ಲೇಟಿನ ಬಾಣ ನೋಡಿದರು. ಸೇನೆಯ ಗಾಡಿಗಳ ನಂಬರ್ ಶುರುವಾಗುವುದೇ ಮೇಲ್ಮುಖದ ಬಾಣದಿಂದ, ಆಮೇಲೆ ಇಸವಿಯ ಎರಡು ಅಂಕಿ. ಅದು ಸರಿ ಇತ್ತು. ಆಮೇಲೆ ಲಾರಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಹಿಂದಿನಿಂದ ಕೆಳಗೆ ಬಗ್ಗಿ ನೋಡಿದರು.

"ಎಲ್ಲಾ ಸರಿ ಐತೆ ಮಗ. ಹಿಂದೆ ಬಿಳಿ ಎಲ್ಲಿ?"

"ಯಾವ ಬಿಳಿ ಮಾವ?"

"ಹೌಸಿಂಗ್‌ಗೆ ಬಿಳಿ ಬಳೀತೀವಲ್ಲ. ಅದಿಲ್ದೆ ಹಿಂದಿನ ಗಾಡಿಯೋನು ಹೆಂಗೆ ಬರ್ತಾನೆ?"

ಆಮೇಲೆ ನಿಧಾನವಾಗಿ ಹೇಳಿದರು. ರಾತ್ರಿ ಕಾನ್ವಾಯ್, ಅಂದರೆ ಸೇನೆಯ ಗಾಡಿಗಳ ಸಾಲು, ಹೋಗುವಾಗ ಹೆಡ್‌ಲೈಟ್ ಹಾಕುವ ಹಾಗಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿದ ಹೌಸಿಂಗ್ ಇರುತ್ತದಲ್ಲ, ಅದಕ್ಕೆ ಬಿಳಿ ಬಣ್ಣ. ಅದರ ಮೇಲೆ ಮಾತ್ರ ಬೀಳುವ ಹಾಗೆ ಒಂದು ಪುಟ್ಟ ದೀಪ. ಮೇಲಿನಿಂದಾಗಲಿ ದೂರದಿಂದಾಗಲಿ ಕಾಣುವುದಿಲ್ಲ. ಹಿಂದೆ ಬರುವ ಡ್ರೈವರಿಗೆ ಮಾತ್ರ ಕಾಣುತ್ತದೆ. "ಎಡಕ್ಕೆ ಬೆಟ್ಟ, ಬಲಕ್ಕೆ ಏನೂ ಇಲ್ಲ. ಆ ಬಿಳಿ ಸಣ್ಣಗಾದ್ರೆ ನಾನು ಹಿಂದೆ ಬಿದ್ದೆ ಅಂತ, ದೊಡ್ಡದಾದ್ರೆ ಹತ್ರ ಬಂದೆ ಅಂತ. ರಾತ್ರಿಯೆಲ್ಲಾ ಅದೊಂದನ್ನೇ ನೋಡ್ಕೊಂಡು ಹೊಡೀತಿದ್ವಿ."

ಅವರು ಹೋದ ಮೇಲೆ ಲಾರಿಯನ್ನು ಮಗುಚಿ ಹಾಕಿ ಕೂತೆ. ಹಸಿರಿನ ಮೇಲೆ ಬಿಳಿ ಒಂದೇ ಸಲಕ್ಕೆ ಕೂರುವುದಿಲ್ಲ. ಮೊದಲು ತಿಳಿ ಬೂದು, ಒಣಗಿದ ಮೇಲೆ ಬಿಳಿ, ಮತ್ತೆ ಇನ್ನೊಂದು ತೆಳು ಬಿಳಿ. ಅರ್ಧ ಸೆಂಟಿಮೀಟರಿನ ಬೊಟ್ಟು, ಮೂರು ಗಂಟೆ ಹಿಡಿಯಿತು. ಸುತ್ತ ಹಚ್ಚಿದ್ದ ಕೆಸರನ್ನು ಅದರ ಮೇಲೂ ಸ್ವಲ್ಪ ಎಳೆಯಲು ಹೋದೆ. ಮಾರನೇ ದಿನ ಮಾವ ಅದನ್ನೂ ಬೇಡ ಅಂದರು. "ಗಾಡಿ ತುಂಬಾ ಕೆಸರಿರ್ಲಿ. ಅದೊಂದನ್ನ ಒರೆಸ್ಕೊಂಡೇ ಹೊರಡೋದು."

"ಯುದ್ಧ ಅಂದರೆ ನಿಮಗೆ ಆಟವಾ?" ಅಂತ ಕೆಲವರು ಕೇಳುತ್ತಾರೆ. ಅವರಿಗೆ ನನ್ನ ಕಪಾಟಿನ ಒಂದು ಜೀಪ್ ತೋರಿಸುತ್ತೇನೆ. 1965ರ ಸೆಪ್ಟೆಂಬರ್, ಪಾಕಿಸ್ತಾನದ ಜೊತೆಗಿನ ಯುದ್ಧ, ಪಂಜಾಬಿನ ಅಸಲ್ ಉತ್ತರ್. ನಮ್ಮ ಸೇನೆಯ ಅಬ್ದುಲ್ ಹಮೀದ್ ಅವರ ಜೀಪ್, ಮೇಲೆ ಟ್ಯಾಂಕ್ ಹೊಡೆಯುವ 106 ಎಂಎಂ ರಿಕಾಯ್ಲ್‌ಲೆಸ್ ಗನ್. ಎದುರಿಗೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್ ಇಟ್ಟಿದ್ದೇನೆ, ಬ್ಯಾರೆಲ್ ಸೇರಿ ಒಂದು ಗೇಣಿಗೂ ಜಾಸ್ತಿ ಉದ್ದ. ಜೀಪ್ ನನ್ನ ಅಂಗೈಯಷ್ಟು. ಓದುವಾಗ ಪರಮವೀರ ಚಕ್ರ ಅಂತ ಒಂದು ಸಾಲು. ಮಾಡುವಾಗ ಮಾತ್ರ ಗೊತ್ತಾಗುತ್ತದೆ, ಆ ಜೀಪಿಗೆ ಬಾಗಿಲಿಲ್ಲ, ತಗಡಿಲ್ಲ, ಮರೆ ಅನ್ನುವುದೇ ಇಲ್ಲ. ಆ ಗನ್ ಹಾರಿಸಿದರೆ ಹಿಂದಕ್ಕೆ ಬೆಂಕಿ, ಧೂಳು ಎದ್ದು ಇರುವ ಜಾಗ ಶತ್ರುವಿಗೆ ಗೊತ್ತಾಗಿಬಿಡುತ್ತದೆ. ತಕ್ಷಣ ಜಾಗ ಬದಲಿಸಬೇಕು. 5 ಸೆಂಟಿಮೀಟರಿನ ಆ ಮನುಷ್ಯನನ್ನು ಸೀಟಿನ ಮೇಲೆ ಅಂಟಿಸುವಾಗ ನನ್ನ ಕೈ ನಡುಗಿದೆ. ಅದನ್ನು ಆಟ ಅಂತ ನಾನು ಒಪ್ಪುವುದಿಲ್ಲ.

ಇದು ವಿದೇಶಿ ಹುಚ್ಚು ಅನ್ನುವವರೂ ಇದ್ದಾರೆ. ಅವರು ಒಮ್ಮೆ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಸ್ಥಾನದ ಬುಡದಲ್ಲಿ ಕೂತು ನೋಡಲಿ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಬಳಪದ ಕಲ್ಲಿನಲ್ಲಿ ಜೀನು, ಲಗಾಮು, ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಪುಟ್ಟ ಸೈನ್ಯವನ್ನು ಅಷ್ಟು ಅಕ್ಕರೆಯಿಂದ ಮಾಡಿದವರ ಜಿಲ್ಲೆ ನಮ್ಮದು.

ಇದಾದ ಮೇಲೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಒಬ್ಬ ಸವಾರನನ್ನು ಮಾಡಬೇಕು ಅಂತಿದೆ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧ್‌ಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರು. ಎದುರಿಗೆ ಮಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಭರ್ಜಿ, ಕತ್ತಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. ಅದಕ್ಕೂ ಕಿಟ್ ಇಲ್ಲ, ಬೇರೆ ಕುದುರೆ ಸವಾರನನ್ನು ಕೊಯ್ದು, ಪುಟ್ಟಿ ಹಚ್ಚಿ ತಿದ್ದಬೇಕು.

ಆದರೆ ಅದು ಸ್ವಲ್ಪ ತಡವಾಗುತ್ತದೆ. ಯಾಕೆಂದರೆ ಮುಗಿದ ಲಾರಿಯನ್ನು ಮಾವನ ಟಿವಿ ಪಕ್ಕ ಇಟ್ಟು ಬಂದಾಗ ಅವರು, "ಒಂದೇ ಗಾಡಿಗೆ ಕಾನ್ವಾಯ್ ಅನ್ನಲ್ಲ ಮಗ" ಅಂದರು. ಎರಡನೆಯದರ ಕ್ಯಾಬಿನ್ ನಿನ್ನೆ ಕೊಯ್ದಿದ್ದೇನೆ. ನಿಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಮಾವ ಯಾರಾದರೂ ಶಕ್ತಿಮಾನ್ ಅಥವಾ ಸೇನೆಯ ಜೋಂಗಾ ಜೀಪಿನ ಪಕ್ಕ ನಿಂತ ಹಳೇ ಫೋಟೊ ಇದ್ದರೆ ದಯವಿಟ್ಟು ಕಳಿಸಿ. ಅವರ ಎತ್ತರ ಎಷ್ಟು ಅಂತಲೂ ಬರೆಯಿರಿ.