ಮನೆ ಮುಗಿದ ಮೇಲೆ ಕಾರು ಅನ್ನುವವರಿಗೆ

ನಿನ್ನೆ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. "ಮನೆಯ ವಾರ್ಪು ಆಯ್ತಂತೆ? ಇನ್ನಾದರೂ ಆ ಕಾರು ಮಾರ್ತೀಯಾ?" ಅಂತ ಕೇಳಿದರು. ವಾರ್ಪು ಅಂದರೆ ಮಾಡಿಗೆ ಕಾಂಕ್ರೀಟ್ ಸ್ಲ್ಯಾಬ್ ಹಾಕುವುದು. ನಕ್ಕು ಸುಮ್ನೆ ಬಂದೆ. ಆಗ ಹೇಳದೆ ಉಳಿದದ್ದನ್ನೆಲ್ಲ ಈಗ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಅಲ್ಲಿ ಒಂದು ವರ್ಷದಿಂದ ಮನೆ ಕಟ್ಟುತ್ತಿದ್ದೇನೆ. ಪಕ್ಕದ ಅಡಕೆ ಶೆಡ್ಡಿನಲ್ಲಿ ಮೂರು ವರ್ಷದಿಂದ ಒಂದು ಹಳೆ ಮಾರುತಿ 800ನ್ನು ರೇಸ್ ಕಾರು ಮಾಡುತ್ತಿದ್ದೇನೆ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ತೆಗೆದು ಮಾರುತಿಯದೇ ಇನ್ನೊಂದು ಕಾರು ಎಸ್ಟೀಮಿನ 1298 ಸಿಸಿ ಎಂಜಿನ್ ಕೂರಿಸುವ ಕೆಲಸ. ಕೂರುತ್ತದೆ ಅಂತ ಹೇಳಿದವರು ಸುಳ್ಳು ಹೇಳಿಲ್ಲ. ಆಮೇಲೆ ರೇಡಿಯೇಟರ್ ಎಲ್ಲಿ ಇಡುವುದು ಅಂತ ಮಾತ್ರ ಯಾರೂ ಹೇಳಲಿಲ್ಲ.

ಇದು ರಸ್ತೆಗೆ ಇಳಿಯುವ ಕಾರಲ್ಲ. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು. ನನ್ನ ಕಾರಿನಲ್ಲಿ ಎಣಿಸಲು ಹೊರಟರೆ ತೋಟವನ್ನೇ ಬರೆದುಕೊಡಬೇಕಾದೀತು. ಪಿಕಪ್ಪಿನ ಮೇಲೆ ಹೇರಿಕೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಸ್ಪೀಡ್‌ವೇಗೆ ಹೋಗಬೇಕು ಅನ್ನುವುದು ಆಸೆ. ಅದಕ್ಕೆ ಆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಇದೇ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಮನುಷ್ಯ. ಹಾಗಾಗಿ ನನ್ನದು ಹೊಸ ಹುಚ್ಚೇನಲ್ಲ.

"ಮೊದಲು ಮನೆ ಮುಗಿಸು, ಆಮೇಲೆ ಕಾರು." ಎಲ್ಲರದೂ ಇದೇ ಮಾತು. ಕೇಳಲು ಸರಿಯಾಗಿಯೇ ಇದೆ. ಆದರೆ ನಮ್ಮ ಊರಿನಲ್ಲಿ ಮನೆ ಮುಗಿಯುವುದು ಯಾವಾಗ? ಒಕ್ಕಲಾಗಿ ಎಂಟು ವರ್ಷವಾದರೂ ಮಹಡಿಯ ಮೇಲೆ ಸರಳುಗಳು ಆಕಾಶ ನೋಡುತ್ತಾ ನಿಂತಿರುತ್ತವೆ. ಮನೆಯಾದ ಮೇಲೆ ಕಾಂಪೌಂಡ್, ಅದಾದ ಮೇಲೆ ಗೇಟು, ಆಮೇಲೆ ಅಂಗಳಕ್ಕೆ ಇಂಟರ್‌ಲಾಕ್. ಅಷ್ಟರಲ್ಲಿ ಮೊದಲು ಹೊಡೆದ ಪೇಂಟ್ ಪಾಚಿ ಹಿಡಿದಿರುತ್ತದೆ. ಮನೆ ಮುಗಿಯಲಿ ಅಂತ ಕಾದರೆ ನಾನು ಕಾರಿನೊಳಗೆ ಬಗ್ಗಿ ಕೂರುವ ವಯಸ್ಸು ದಾಟಿರುತ್ತೇನೆ.

ಹಾಗಂತ ನಾನು ಮಾಡಿದ್ದೆಲ್ಲ ಸರಿ ಅಂತ ಅಲ್ಲ. ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಬಾಗಿಲು, ಕಿಟಕಿಗಳ ಮೇಲಿನ ಲಿಂಟಲ್ ಆದ ಮೇಲೆ ಮನೆ ಸಾಲದ ಮುಂದಿನ ಕಂತು ಬಂತು. ಅದರಿಂದ ಅರವತ್ತು ಸಾವಿರ ತೆಗೆದು ರೋಲ್ ಕೇಜಿನ (ಕಾರಿನೊಳಗೆ ಕೂತವರನ್ನು ಕಾಯುವ ಪಂಜರ) ಪೈಪು, ಸೀಟು, ಬೆಲ್ಟುಗಳಿಗೆ ಹಾಕಿದೆ. ಒಂದು ತಿಂಗಳಲ್ಲಿ ತುಂಬಿಸಿಡುತ್ತೇನೆ ಅಂತ ಲೆಕ್ಕ. ತುಂಬಲಿಲ್ಲ. ವಾರ್ಪಿನ ಅಡಿಗೆ ಹಲಗೆ ಹೊಡೆಯುವವರಿಗೆ ಮುಂಗಡ ಕೊಡಲು ಆಗಲಿಲ್ಲ. ಅವರು ಬೇರೆ ಮನೆ ಹಿಡಿದರು. ಏಪ್ರಿಲ್‌ನಲ್ಲಿ ಆಗಬೇಕಿದ್ದ ವಾರ್ಪು ಮೇ ಮಧ್ಯಕ್ಕೆ ಹೋಯಿತು.

ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಹತ್ತಿರ ಬಂದಾಗ ಕಾಂಕ್ರೀಟ್ ಹಾಕುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಆರೂವರೆಗೆ ಮೂಡಣದಲ್ಲಿ ಗುಡುಗು. ಇದ್ದ ಟಾರ್ಪಲ್ ಸಾಲಲಿಲ್ಲ. ಕಾರಿನ ಮೇಲಿನ ಟಾರ್ಪಲನ್ನೂ ಎಳೆದು ತಂದು ಹೊದೆಸಿದೆವು. ನಾನು, ಹೆಂಡತಿ, ಮೇಸ್ತ್ರಿ, ಮೂವರೂ ನೆನೆದು ಚಂಡಿ. ಸ್ಲ್ಯಾಬ್ ಉಳಿಯಿತು. ಅಡಕೆ ಶೆಡ್ಡಿನ ಮಾಡು ಸೋರುತ್ತದೆ ಅಂತ ಗೊತ್ತಿದ್ದರೂ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಬೆಳಿಗ್ಗೆ ನೋಡಿದರೆ ಪೇಂಟ್ ಇಲ್ಲದ ಹೊಸ ಪೈಪುಗಳ ಮೇಲೆಲ್ಲ ಕೆಂಪು ತುಕ್ಕು. ಅರವತ್ತು ಸಾವಿರ ಎಲ್ಲಿ ಹೋಯಿತು ಅಂತ ಹೆಂಡತಿಗೆ ಗೊತ್ತಾದದ್ದೂ ಆ ಬೆಳಿಗ್ಗೆಯೇ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಈಗ ಲೆಕ್ಕದ ಪುಸ್ತಕ ಎರಡು. ಮನೆಯದ್ದು ಅವಳ ಕೈಯಲ್ಲಿ. ಕಾರಿಗೆ ಭಾನುವಾರದ ದುಡ್ಡು ಮಾತ್ರ. ಊರವರ ಮದ್ದು ಬಿಡುವ ಪಂಪು, ಹುಲ್ಲು ಕೊಚ್ಚುವ ಮೆಷಿನ್ ರಿಪೇರಿ ಮಾಡಿ ಸಿಕ್ಕಿದಷ್ಟು. ಮಳೆ ಶುರುವಾದರೆ ಅಡಕೆಗೆ ಮದ್ದು ಬಿಡುವ ಕೆಲಸ ಜೋರು. ಪಂಪು ಕೆಡುವುದೂ ಜಾಸ್ತಿ. ಹಾಗಾಗಿ ಕೊಳೆರೋಗದ ಹೆದರಿಕೆಯಲ್ಲಿ ನನ್ನ ಕಾರು ನಡೆಯುತ್ತಿದೆ ಅಂತ ಅಪ್ಪ ನಗುತ್ತಾರೆ.

ದುಡ್ಡಿಗೆ ಜಗಳ ಇದ್ದರೂ ಸಮಯಕ್ಕೆ ಅಷ್ಟು ಜಗಳ ಇಲ್ಲ. ಮನೆ ಕೆಲಸದಲ್ಲಿ ಕಾಯುವುದೇ ಹೆಚ್ಚು. ಸ್ಲ್ಯಾಬಿನ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ನಮ್ಮ ಮೇಸ್ತ್ರಿ 14 ದಿನ ಅಂದಿದ್ದಾರೆ. ಕಾಂಕ್ರೀಟಿಗೆ ಎಣಿಸಿದ ಬಲ ಬರಲು 28 ದಿನ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ನೋಡಿದರೆ ಆಯಿತು. ನಡುವಿನ ಹೊತ್ತಿನಲ್ಲಿ ಮನೆಯೇ ಕೈ ಕಟ್ಟಿ ಕೂತಿರುವಾಗ ನಾನು ಶೆಡ್ಡಿಗೆ ಹೋದರೆ ಯಾರಿಗೆ ನಷ್ಟ?

ಒಮ್ಮೆ ಗ್ರಿಲ್ಲಿನ ವೆಲ್ಡರ್ ಬಂದವರು ಕೇಜ್ ನೋಡಿ, "ಗೇಟಿನ ಜಿಐ ಪೈಪು ಉಳಿದಿದೆ, ಅದರಲ್ಲೇ ಮಾಡಬಹುದಿತ್ತಲ್ಲ" ಅಂದರು. ಕೇಜಿಗೆ ಬೆಸುಗೆಯ ಗೆರೆ ಇಲ್ಲದ, ತಣ್ಣಗೆ ಎಳೆದು ಮಾಡಿದ ಸಿಡಿಎಸ್ ಪೈಪೇ ಬೇಕು. ಬೆನ್ನ ಹಿಂದಿನ ಮುಖ್ಯ ಬಳೆಗೆ 45 ಮಿಲಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪ. ಕಾರು ಮಗುಚಿದರೆ ತಲೆ ಉಳಿಯುವುದು ಅದರಿಂದ. ಮನೆಗೆ ಎಂಟರ ಸರಳು ಸಾಕಾ ಹತ್ತರದ್ದು ಬೇಕಾ ಅಂತ ಮೇಸ್ತ್ರಿಯ ಹತ್ತಿರ ಚರ್ಚೆ ಮಾಡುವ ನಾವು, ತಲೆಯ ವಿಷಯದಲ್ಲಿ ಮಾತ್ರ ಉಳಿದ ಪೈಪು ಹುಡುಕುತ್ತೇವೆ. ಮಜಾ ಅಂದರೆ, ಆ ವೆಲ್ಡರ್ ಈಗ ವಾರಕ್ಕೊಮ್ಮೆ ಬಂದು ನನ್ನ ಜೋಡಣೆಗಳನ್ನು ಬೈದು ಹೋಗುತ್ತಾರೆ. ನಾನು ಮಾಡಿದ ಎರಡನ್ನು ಕೊಯ್ದು ಮತ್ತೆ ಮಾಡಿಸಿದ್ದಾರೆ.

ಕಾರಿನಿಂದ ಮನೆಗೆ ಒಂದು ಲಾಭ ಆಗಿದೆ. ರೇಸ್ ಕಾರಿನಲ್ಲಿ ಬೇಡದ್ದನ್ನು ಕಿತ್ತು ತೂಕ ನೋಡುವುದು ಅಭ್ಯಾಸ ಆಗಿತ್ತು. ಹಿಂದಿನ ಸೀಟು, ಕಾರ್ಪೆಟ್, ಬಾಗಿಲಿನ ಪ್ಯಾಡು, ಎಲ್ಲ ಹೋದವು. ಅದೇ ಕಣ್ಣಿನಲ್ಲಿ ಮನೆಯ ಪ್ಲಾನ್ ನೋಡಿದೆವು. ಮೇಲೊಂದು ಬಾಲ್ಕನಿ ಇತ್ತು, ಯಾರೂ ಕೂರದ್ದು. ಕೆಳಗೆ ಎರಡು ಕಂಬದ ದೊಡ್ಡ ಸಿಟೌಟ್, ದಾರಿಯಲ್ಲಿ ಹೋಗುವವರು ನೋಡಲಿಕ್ಕೆ. ಬಾಲ್ಕನಿ ತೆಗೆದೆವು. ಸಿಟೌಟ್ ಅರ್ಧ ಆಯಿತು. ಮಿಕ್ಕಿದ ಕೆಂಪು ಕಲ್ಲಿನಲ್ಲಿ ಹಿಂದುಗಡೆ ಸೋರದ ಒಂದು ಶೆಡ್ ಎದ್ದಿದೆ. ಅದರಲ್ಲಿ ಅರ್ಧ ಕಾರಿಗೆ, ಅರ್ಧ ಅವಳ ಹೊಲಿಗೆ ಮೆಷಿನ್ನಿಗೆ. ಈ ಪಾಲು ಅವಳದೇ ತೀರ್ಮಾನ, ನನಗೆ ಮಾತಾಡಲು ಅವಕಾಶ ಇರಲಿಲ್ಲ.

ಬಾಲ್ಕನಿ ಯಾಕೆ ಬಿಟ್ಟಿರಿ ಅಂತ ಇಲ್ಲಿಯವರೆಗೆ ಹದಿನೈದು ಜನ ಕೇಳಿದ್ದಾರೆ. ಬಾಲ್ಕನಿಯಲ್ಲಿ ಕೂತು ಏನು ಮಾಡುತ್ತೀರಿ ಅಂತ ಅದು ಇರುವವರನ್ನು ಯಾರೂ ಕೇಳುವುದಿಲ್ಲ. ಲಕ್ಷಗಟ್ಟಲೆ ಸುರಿದು ಕಟ್ಟಿದ ಕಂಬ ಮರ್ಯಾದೆ, ಅದರ ಕಾಲು ಭಾಗದಲ್ಲಿ ಕಟ್ಟಿದ ಕಾರು ಮಕ್ಕಳಾಟ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ವಾರ್ಪು ಆಗಿ ಇವತ್ತಿಗೆ ಒಂಬತ್ತನೇ ದಿನ. ಸಂಜೆಯ ನೀರು ನಾನು ಬಿಡಬೇಕಾಗಿಲ್ಲ, ಈಗ ತಾನೇ ಮಳೆ ಬಂದು ಹೋಯಿತು. ನಾಳೆ ಕಿಟಕಿಯ ಆಚಾರಿ ಬರುತ್ತಾರೆ. ಎಸ್ಟೀಮಿನ ಎಂಜಿನ್ ಹೊಸ ಶೆಡ್ಡಿನ ತೊಲೆಗೆ ಸರಪಳಿಯಲ್ಲಿ ನೇತಾಡುತ್ತಿದೆ. ಅದರ ಕೆಳಗೆ ಹೊಲಿಗೆ ಮೆಷಿನ್ ಇಟ್ಟು ಹೋದವರು ಯಾರು ಅಂತ ಈಗ ಹೋಗಿ ಕೇಳಬೇಕು.