ಟೈಟಲ್ ನೈನ್ ಹುಡುಗರ ತಂಡ ಮುಚ್ಚಿಸುತ್ತದಾ?

ಸರ್ಕಾರದ ದುಡ್ಡು ಪಡೆಯುವ ಶಿಕ್ಷಣದಲ್ಲಿ ಗಂಡು-ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ ಅಮೆರಿಕದ ಟೈಟಲ್ ನೈನ್ ಕಾನೂನು ಕಾಲೇಜುಗಳಲ್ಲಿ ಹುಡುಗರ ಕ್ರೀಡಾ ತಂಡ ಮುಚ್ಚಿಸುತ್ತದೆ, ಹುಡುಗಿಯರಿಗೂ ಅಷ್ಟೇ ದುಡ್ಡು ಸುರಿಯಿರಿ ಅನ್ನುತ್ತದೆ ಅಂತ ಒಂದು ಮೆಸೇಜ್ ಆಗಾಗ ಬರುತ್ತದೆ. ಎರಡೂ ಸರಿಯಲ್ಲ.

1972ರ ಈ ಕಾನೂನಿನ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಕ್ರೀಡೆ ಅನ್ನೋ ಮಾತೇ ಅದರಲ್ಲಿಲ್ಲ! ಕ್ರೀಡೆಯ ವಿವರ ಬಂದದ್ದು ಆಮೇಲಿನ ನಿಯಮಗಳಲ್ಲಿ. ಆಡುವ ಅವಕಾಶಕ್ಕೆ 1979ರಲ್ಲಿ ಮೂರು ಅಳತೆ ಕೊಟ್ಟರು, ಒಂದಕ್ಕೆ ಹೊಂದಿದರೂ ಸಾಕು: ಕಾಲೇಜಿನ ಹುಡುಗ-ಹುಡುಗಿಯರ ಸಂಖ್ಯೆಗೆ ತಕ್ಕ ಅವಕಾಶ, ಹುಡುಗಿಯರಿಗೆ ಅವಕಾಶ ಹೆಚ್ಚಿಸುತ್ತಾ ಬಂದಿರುವುದು, ಇಲ್ಲವೇ ಅವರ ಆಸಕ್ತಿಗೆ ಪೂರ್ತಿ ಜಾಗ. ಒಟ್ಟು ಖರ್ಚು ಸಮ ಇರಬೇಕಿಲ್ಲ; ಸ್ಕಾಲರ್‌ಶಿಪ್ ದುಡ್ಡು ಮಾತ್ರ ಹುಡುಗ-ಹುಡುಗಿ ಆಟಗಾರರ ಸಂಖ್ಯೆಗೆ ತಕ್ಕಂತಿರಬೇಕು. ಕೆಲವು ಕಾಲೇಜುಗಳು ತಂಡ ಮುಚ್ಚಿದ್ದು ನಿಜ. ಆದರೆ ಆ ತೀರ್ಮಾನ ಕಾಲೇಜಿನದು.

ಅನುಮಾನ ಬಂದರೆ ಆ 37 ಪದ ಹುಡುಕಿ ಓದಿ, ಎರಡು ನಿಮಿಷ ಸಾಕು. ಮೆಸೇಜಿನಲ್ಲಿ ಕಾಲೇಜಿನ ಹೆಸರಿದ್ದರೆ ಅದರ ಕ್ರೀಡಾ ಖರ್ಚಿನ ವಾರ್ಷಿಕ ವರದಿಯೂ ಆನ್‌ಲೈನ್‌ನಲ್ಲಿ ಸಿಗುತ್ತದೆ.