ಸತ್ಯಾಂಶ: ಡಿಎನ್‌ಪಿ ಮಾಡಿದ ನರ್ಸ್ ಎಂಡಿ ಡಾಕ್ಟರ್‌ಗೆ ಸಮಾನಾ?

"ಅಮೆರಿಕದಲ್ಲಿ ನರ್ಸ್‌ಗಳು ಡಿಎನ್‌ಪಿ ಮಾಡಿದರೆ ಸಾಕು, ಎಂಡಿ ಡಾಕ್ಟರ್‌ಗೆ ಸಮ, ಆಪರೇಷನ್ನೂ ಮಾಡಬಹುದು" ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಸುಳ್ಳು.

ಡಿಎನ್‌ಪಿ ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ನರ್ಸಿಂಗ್‌ನಲ್ಲೇ ಇರುವ ಉನ್ನತ ಪದವಿ, ವೈದ್ಯ ಪದವಿ ಅಲ್ಲ. ಕೆಂಟಕಿ ವಿಶ್ವವಿದ್ಯಾಲಯ 2001ರಲ್ಲಿ ಇದನ್ನು ಮೊದಲು ಶುರು ಮಾಡಿತು. ನರ್ಸಿಂಗ್ ಪಿಎಚ್‌ಡಿಯವರು ಹೆಚ್ಚಾಗಿ ಹೊಸ ಸಂಶೋಧನೆ ಮಾಡುತ್ತಾರೆ, ಡಿಎನ್‌ಪಿಯವರು ಇರುವ ಸಂಶೋಧನೆಯನ್ನು ವಾರ್ಡಿಗೆ ತರುತ್ತಾರೆ. ಮನೆಗೆ ಹೋದ ರೋಗಿಗಳು ಮತ್ತೆ ಯಾಕೆ ಅಡ್ಮಿಟ್ ಆಗುತ್ತಿದ್ದಾರೆ ಅಂತ ಹುಡುಕಿ, ಡಿಸ್ಚಾರ್ಜ್ ವೇಳೆ ಮಾತ್ರೆ ವಿವರಿಸುವ ರೀತಿ ಬದಲಿಸಿ, ಅದರಿಂದ ಏನಾದರೂ ಉಪಯೋಗ ಆಯ್ತಾ ಅಂತ ಅಳೆದು ನೋಡುವಂಥ ಕೆಲಸ. ನನ್ನ ಪ್ರಕಾರ ಇದೇನು ಸಣ್ಣದಲ್ಲ. ನರ್ಸಿಂಗ್ ಪದವಿಯ ನಂತರ ಕನಿಷ್ಠ 1,000 ಗಂಟೆ ಪ್ರಾಕ್ಟೀಸ್ ಬೇಕು ಅಂತ 2006ರ ಮಾರ್ಗಸೂಚಿಯಲ್ಲೇ ಇತ್ತು.

ಮತ್ತೆ ಔಷಧಿ ಬರೆಯೋದು? ಆ ಅಧಿಕಾರ ಬರುವುದು ಆಯಾ ರಾಜ್ಯದ ಲೈಸೆನ್ಸ್‌ನಿಂದ. ಮಾಸ್ಟರ್ಸ್ ಮಾಡಿದ ನರ್ಸ್ ಪ್ರಾಕ್ಟೀಷನರ್‌ಗಳೂ (ರೋಗ ಪತ್ತೆ, ಚಿಕಿತ್ಸೆಗೆ ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳು) ಬರೆಯುತ್ತಾರೆ. ಆದರೆ ನಾಯಕತ್ವ, ಆಡಳಿತದ ವಿಭಾಗದಲ್ಲಿ ಡಿಎನ್‌ಪಿ ಮುಗಿಸಿದವರಿಗೆ, ಎಷ್ಟೇ ಓದಿದ್ದರೂ, ಅದು ತಾನಾಗಿ ಸಿಗುವುದಿಲ್ಲ. ಹೆಸರಿನ ಮುಂದೆ 'ಡಾಕ್ಟರ್' ಹಾಕಿಕೊಳ್ಳೋದಕ್ಕೂ ಕೆಲವು ರಾಜ್ಯಗಳಲ್ಲಿ ಕಾನೂನಿನ ನಿರ್ಬಂಧ ಇದೆ.